ಗಲ್ಲಿಗೇರಿಸಿ ಅಂತೀರಿ, ಸರಿ. ನೊಂದವರಿಗೊಂದು ಕುರ್ಚಿ?

ಯಾವುದಾದರೂ ಭೀಕರ ಅಪರಾಧದ ಸುದ್ದಿ ಬಂದರೆ ಸಾಕು, ನಮ್ಮಲ್ಲಿ ಎರಡೇ ಕೂಗು. ಒಂದು, "ಗಲ್ಲಿಗೇರಿಸಿ!" ಇನ್ನೊಂದು, "ಆ ಹೊತ್ತಲ್ಲಿ ಅಲ್ಲಿಗೆ ಯಾಕೆ ಹೋಗಬೇಕಿತ್ತು?" ನೊಂದವರು ರಾತ್ರಿ ನಿದ್ದೆ ಮಾಡಿದರಾ, ನಾಳೆ ಠಾಣೆಗೆ ಅವರ ಜತೆ ಯಾರು ಹೋಗ್ತಾರೆ ಅಂತ ಕೇಳೋರಿಲ್ಲ. ಅಲ್ಲಾ ಸ್ವಾಮಿ, ಇದು ಯಾವ ಸೀಮೆಯ ನ್ಯಾಯ?

ನನ್ನ ಸಹೋದ್ಯೋಗಿಯೊಬ್ಬನ ಅಮ್ಮನ ಸರ ಕಿತ್ಕೊಂಡು ಹೋದರು. ಠಾಣೆಯಲ್ಲಿ ಎದುರಾದ ಮೊದಲ ಪ್ರಶ್ನೆ: "ಇಷ್ಟು ಚಿನ್ನ ಹಾಕ್ಕೊಂಡು ಯಾಕಮ್ಮಾ ವಾಕಿಂಗ್ ಹೋಗಿದ್ರಿ?" ಪೇದೆಗೆ ಒಂದು ಸಲ, ರೈಟರಿಗೆ ಒಂದು ಸಲ, ಎಸ್ಸೈ ಬಂದ ಮೇಲೆ ಇನ್ನೊಂದು ಸಲ ಅದೇ ಕಥೆ, ಅದೂ ನಿಂತುಕೊಂಡೇ. ಮೂರನೇ ಸಲ ಬೈಕಿನ ಬಣ್ಣ ಬದಲಾಯ್ತು. "ಆಗ ಕಪ್ಪು ಅಂದ್ರಿ, ಈಗ ಕೆಂಪು ಅಂತೀರಿ?" ಅಂತ ಗದರಿಸಿದರಂತೆ. ಕುತ್ತಿಗೆಯ ಗಾಯ ಮಾಗಿದೆ. ಆದರೆ ಹಿಂದಿನಿಂದ ಬೈಕಿನ ಸದ್ದು ಕೇಳಿದರೆ ಇವತ್ತಿಗೂ ಗೋಡೆಗೆ ಒತ್ತಿಕೊಂಡು ನಿಲ್ತಾರೆ.

ಬಣ್ಣ ಬದಲಾದ ಮಾತ್ರಕ್ಕೆ ಅವರು ಸುಳ್ಳು ಹೇಳಿದಂತಲ್ಲ. ಜೀವಭಯದಲ್ಲಿ ಮಿದುಳು ಎಲ್ಲವನ್ನೂ ಸಾಲಾಗಿ ಜೋಡಿಸಿಡೋದಿಲ್ಲ. ಚಾಕುವಿನ ತುದಿ ನೆನಪಿರಬಹುದು, ಹಿಡಿದವನ ಮುಖ ನೆನಪಿರದೆ ಹೋಗಬಹುದು. ಕಿರುಚದೆ ಮರಗಟ್ಟಿ ನಿಲ್ಲೋದೂ ದೇಹದ ಪ್ರತಿಕ್ರಿಯೆಯೇ, ಅದು ಒಪ್ಪಿಗೆ ಅಲ್ಲ.

ನಮ್ಮ ಸಾಫ್ಟ್‌ವೇರ್ ಲೋಕದಲ್ಲಿ ಸರ್ವರ್ ಬಿದ್ದರೆ ಮಾರನೇ ದಿನ ಮೀಟಿಂಗ್ ಇರುತ್ತೆ. ಒಳ್ಳೆ ತಂಡಗಳಲ್ಲಿ ಒಂದು ನಿಯಮ: "ಯಾರ ತಪ್ಪು" ಅಂತ ಕೇಳೋ ಹಾಗಿಲ್ಲ, "ಏನಾಯ್ತು" ಅಂತಲೇ ಕೇಳಬೇಕು. ಬೈದರೆ ಜನ ನಿಜ ಮುಚ್ಚಿಡ್ತಾರೆ ಅಂತ ನಮಗೆ ಗೊತ್ತು. ಒಮ್ಮೆ ದಾಖಲಾದ ಲಾಗನ್ನು ಎಲ್ಲರೂ ಓದ್ತೀವಿ, ಪ್ರತಿಯೊಬ್ಬರಿಗೂ ತೋರಿಸೋಕೆ ಸರ್ವರನ್ನ ಮತ್ತೆ ಮತ್ತೆ ಬೀಳಿಸಲ್ಲ! ಯಂತ್ರಕ್ಕೆ ಇರೋ ಮರ್ಯಾದೆ ಮನುಷ್ಯರಿಗಿಲ್ಲವಾ?

ಕಾನೂನಿಗೆ ಇದು ಗೊತ್ತಿಲ್ಲ ಅಂದ್ಕೋಬೇಡಿ. 2012ರ ಪೋಕ್ಸೋ ಕಾಯ್ದೆ ಪ್ರಕಾರ ಮಗುವಿನ ಹೇಳಿಕೆ ಪಡೆಯೋ ಪೊಲೀಸರು ಸಮವಸ್ತ್ರದಲ್ಲಿರಬಾರದು. ವಕೀಲರ ಪ್ರಶ್ನೆಗಳು ನ್ಯಾಯಾಧೀಶರ ಮೂಲಕವೇ ಹೋಗಬೇಕು. ಮಗುವನ್ನು ಪದೇ ಪದೇ ಸಾಕ್ಷಿ ಹೇಳೋಕೆ ಕರೆಯಬಾರದು. ಜತೆಗಿರೋಕೆ ಒಬ್ಬ ಸಹಾಯಕ ವ್ಯಕ್ತಿಗೂ ಅವಕಾಶ ಉಂಟು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಂತೂ ತನಿಖೆ ಎಲ್ಲಿಗೆ ಬಂತು ಅಂತ ನೊಂದವರಿಗೆ 90 ದಿನದೊಳಗೆ ತಿಳಿಸಬೇಕು ಅನ್ನುತ್ತೆ.

ಬರೆದದ್ದು ಬೇರೆ, ನಡೆಯೋದು ಬೇರೆ. ಅತ್ಯಾಚಾರಕ್ಕೊಳಗಾದವರ ಮೇಲೆ ಮಾಡ್ತಿದ್ದ ಎರಡು ಬೆರಳಿನ ಪರೀಕ್ಷೆ ಅವರ ಘನತೆಗೆ ಧಕ್ಕೆ ಅಂತ ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿತ್ತು. ಹಾಗಿದ್ದೂ 2022ರಲ್ಲಿ ಅದೇ ಕೋರ್ಟ್, ಅದನ್ನು ಮಾಡುವವರು ದುರ್ನಡತೆಯ ತಪ್ಪಿತಸ್ಥರು ಅಂತ ಮತ್ತೆ ಹೇಳಬೇಕಾಯ್ತು. ಒಂಬತ್ತು ವರ್ಷ!

ಇನ್ನೊಂದು ಪ್ರಶ್ನೆ. ಮಗುವಿಗೆ ಬೇಕಾದ ಮೃದುತ್ವ ಹದಿನೆಂಟು ತುಂಬಿದ ಮರುದಿನ ಬೇಡವಾಗುತ್ತಾ? ಮಹಿಳೆಯರಿಗೆ 2015ರಿಂದ ಸಖಿ ಕೇಂದ್ರಗಳಿವೆ, ಒಳ್ಳೇದು. ದರೋಡೆಗೆ ಸಿಕ್ಕ ಅಜ್ಜನ ಜತೆ, ಕೊಲೆಯಾದವನ ತಮ್ಮನ ಜತೆ ಯಾರು ಕೂರಬೇಕು?

"ಪೊಲೀಸರಿಗೆ ಕೆಲಸ ಜಾಸ್ತಿ, ಕೌನ್ಸೆಲಿಂಗ್ ಎಲ್ಲ ನಮ್ಮ ದೇಶಕ್ಕಲ್ಲ" ಅನ್ನೋ ಉತ್ತರ ರೆಡಿ ಇರುತ್ತೆ. ಕೆಲಸ ಜಾಸ್ತಿ ಅನ್ನೋದು ನಿಜ. ಆದರೆ ಕೂರೋಕೆ ಕುರ್ಚಿ, ಒಂದು ಲೋಟ ನೀರು, ಮುಚ್ಚಿದ ಬಾಗಿಲು, "ನಿಧಾನಕ್ಕೆ ಹೇಳಿ" ಅನ್ನೋ ಮಾತು... ಇದಕ್ಕೆ ಯಾವ ಬಜೆಟ್ ಬೇಕು ಮಾರಾಯ್ರೆ? ಪ್ರಶ್ನೆ ಕೇಳಲೇಬೇಡಿ ಅಂತ ನಾನು ಹೇಳ್ತಿಲ್ಲ. ಆರೋಪಿಗೂ ಹಕ್ಕುಗಳಿವೆ. ಆದರೆ ಗಾಬರಿ ಇಳಿದವರು ಹೆಚ್ಚು ಸರಿಯಾಗಿ ಹೇಳ್ತಾರೆ. ಕೇಸಿಗೂ ಅದೇ ಲಾಭ.

ಪಾಲಿಗೆ ನಾವೂ ಇದೀವಿ. ಇನ್ನೊಂದು ಕಠಿಣ ಕಾಯ್ದೆ ಕೇಳೋ ಮುನ್ನ, ಪ್ರತಿ ಠಾಣೆಗೂ ತರಬೇತಿ ಪಡೆದ, ಸಂಬಳವಿರೋ ಒಬ್ಬ ಸಹಾಯಕ ವ್ಯಕ್ತಿಯನ್ನು ಕೇಳೋಣ. ಆರೋಪಿ ಸಿಗದಿದ್ದರೂ ಪರಿಹಾರಕ್ಕೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು, ಮನಸ್ಸು ಕಂಗೆಟ್ಟಾಗ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಬಹುದು ಅಂತ ನಾಲ್ಕು ಜನಕ್ಕೆ ಹೇಳೋಣ. ಪರಿಚಯದವರಿಗೇ ಹೀಗಾದರೆ "ಯಾಕೆ ಹೋದೆ" ಅನ್ನೋದನ್ನ ನುಂಗಿಕೊಂಡು, "ಊಟ ಆಯ್ತಾ, ಜತೆಗೆ ಬರಲಾ?" ಅಂತ ಕೇಳೋಣ.

ನೀವೇನಂತೀರಿ? ಒಪ್ಪದಿದ್ದರೆ ಜಗಳಕ್ಕೂ ಬನ್ನಿ.