ಬೀಗದ ಸಂಖ್ಯೆಯನ್ನು ಬರೆದಿಡತಕ್ಕ ಹೊಣೆ

ಕೈಫೋನಿನ ಹೃದಯಸ್ಥಾನದಲ್ಲಿರುವ ಚಿಪ್ಪನ್ನು ಏಕವ್ಯಕ್ತಿಯೆಂಬಂತೆ ಭಾವಿಸುವುದು ವಾಡಿಕೆಯಾಗಿದ್ದರೂ, ವಸ್ತುತಃ ಅದರೊಳಗೆ ಭಿನ್ನಜಾತಿಯ ಹಲವು ಪ್ರೊಸೆಸರುಗಳು, ಒಂದರ ಆಜ್ಞಾಭಾಷೆ ಇನ್ನೊಂದಕ್ಕೆ ತಿಳಿಯದಿದ್ದರೂ, ಒಂದೇ ಮೆಮೊರಿಯನ್ನು ಹಂಚಿಕೊಂಡು ದುಡಿಯುತ್ತಿರುತ್ತವೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯ ಓಮ್ಯಾಪ್ 4 ಎಂಬ ಚಿಪ್ಪಿನಲ್ಲಿ ಲಿನಕ್ಸನ್ನು ನಡೆಯಿಸುವ ಎರಡು ಕಾರ್ಟೆಕ್ಸ್-ಎ9 ಪ್ರೊಸೆಸರುಗಳ ಮಗ್ಗುಲಲ್ಲೇ ಎರಡು ಕಾರ್ಟೆಕ್ಸ್-ಎಂ3ಗಳೂ ಸಂಕೇತಸಂಸ್ಕರಣೆಗೆ ಮೀಸಲಾದ ಒಂದು ಡಿಎಸ್‌ಪಿಯೂ ಇದ್ದವು. ಎ9ಗಳೆರಡು ತಮ್ಮೊಳಗಿನ ಸರದಿಯನ್ನು ತಮ್ಮ ವಿಶೇಷ ಆಜ್ಞೆಗಳಿಂದಲೇ ನಿಶ್ಚಯಿಸಿಕೊಳ್ಳಬಲ್ಲವಾದರೂ, ಆ ಆಜ್ಞೆಗಳಿಗೆ ಎಂ3ಗಳ ಮೇಲಾಗಲಿ ಡಿಎಸ್‌ಪಿಯ ಮೇಲಾಗಲಿ ಯಾವ ಅಧಿಕಾರವೂ ಇಲ್ಲದ ಕಾರಣ, ಸರ್ವರಿಗೂ ಸಮಾನವಾದ 32 ಬೀಗಗಳ ಪ್ರತ್ಯೇಕ ಘಟಕವೊಂದನ್ನು ಆ ಚಿಪ್ಪಿನಲ್ಲಿಯೇ ನಿರ್ಮಿಸಬೇಕಾಯಿತು. ಬೀಗದ ರಿಜಿಸ್ಟರನ್ನು ಓದಿದಾಗ ಸೊನ್ನೆ ಬಂದರೆ ಬೀಗ ಓದಿದವನದಾಯಿತು, ಒಂದು ಬಂದರೆ ಅದು ಅನ್ಯರ ವಶದಲ್ಲಿದೆ. ಬಿಡುವಾಗ ಸೊನ್ನೆಯನ್ನು ಬರೆದರೆ ಸಾಕು. ಓದುವುದೂ ವಶಪಡಿಸಿಕೊಳ್ಳುವುದೂ ಏಕಕ್ರಿಯೆಯಾಗಿರುವುದರಿಂದ ನಡುವೆ ನುಸುಳಲು ಮತ್ತೊಬ್ಬರಿಗೆ ಅವಕಾಶವೇ ಇಲ್ಲ.

ಇಂತಹ ಘಟಕವೊಂದು ಇದೆಯೆಂಬುದನ್ನು ಲಿನಕ್ಸಿನ ತಿರುಳಾದ ಕರ್ನಲ್ ತಾನಾಗಿ ಅರಿಯಲಾರದು. ಯುಎಸ್‌ಬಿ ಸಾಧನವು ಚುಚ್ಚಿದೊಡನೆ ತನ್ನ ಪರಿಚಯವನ್ನು ತಾನೇ ಹೇಳಿಕೊಳ್ಳುವುದು. ಚಿಪ್ಪಿನೊಳಗೆ ಹುದುಗಿರುವ ಬೀಗವಾದರೋ ಮೌನಿ. ಹಿಂದೆ ಆರ್ಮ್ ಯಂತ್ರಗಳಲ್ಲಿ ಈ ಪರಿಚಯವನ್ನು ಪ್ರತಿಯೊಂದು ಬೋರ್ಡಿಗೂ ಬೇರೆಬೇರೆಯಾಗಿ ಸಿ ಭಾಷೆಯ ಕಡತಗಳಲ್ಲಿ ಬರೆದು ಕರ್ನಲ್ಲಿನ ಒಡಲಿಗೇ ಸೇರಿಸುತ್ತಿದ್ದರು; ಆ ರಾಶಿಯು ಬೆಳೆಬೆಳೆದು 2011ರ ಮಾರ್ಚ್ ತಿಂಗಳಿನಲ್ಲಿ ಲಿನಕ್ಸಿನ ಕರ್ತೃ ಲಿನಸ್ ಟೊರ್ವಾಲ್ಡ್ಸರು ಬಹಿರಂಗವಾಗಿಯೇ ಕ್ರುದ್ಧರಾದ ಮೇಲೆ, ಸನ್ ಮತ್ತು ಪವರ್‌ಪಿಸಿ ಯಂತ್ರಗಳಲ್ಲಿ ಮೊದಲೇ ಬಳಕೆಯಲ್ಲಿದ್ದ, 1994ರ ಓಪನ್ ಫರ್ಮ್‌ವೇರ್ ಮಾನಕದಿಂದ ಬಂದ ಡಿವೈಸ್ ಟ್ರೀ ಎಂಬ ವಿವರಣಾಪದ್ಧತಿಯತ್ತ ಆರ್ಮ್ ಜಗತ್ತು ವೇಗವಾಗಿ ತಿರುಗಿತು. ಓಹಾದ್ ಬೆನ್-ಕೊಹೆನ್ ಅವರು ರಚಿಸಿದ ಬೀಗಗಳ ಚೌಕಟ್ಟು 2011ರ ಮೇ ತಿಂಗಳಲ್ಲಿ 2.6.39ನೆಯ ಆವೃತ್ತಿಯೊಡನೆ ಲಿನಕ್ಸಿಗೆ ಸೇರಿತಾದರೂ, ಬೀಗಗಳನ್ನು ಡಿವೈಸ್ ಟ್ರೀಯಲ್ಲಿ ಬಣ್ಣಿಸುವ ಸಾಮಾನ್ಯ ಕ್ರಮವು ಅದರೊಳಗೆ ನೆಲೆಗೊಂಡದ್ದು 2015ರಲ್ಲಿ.

ಆ ವರ್ಣನೆ ಕೆಲವೇ ಸಾಲುಗಳದು: ಘಟಕದ ವಿಳಾಸ, ಅದರ ಜಾತಿಯ ಹೆಸರು, ಮತ್ತು ಬೀಗವೊಂದನ್ನು ಗುರುತಿಸಲು ಎಷ್ಟು ಅಂಕಗಳು ಬೇಕೆಂಬ ಸೂಚನೆ. ಜಾತಿಯ ಹೆಸರು ಅತ್ಯಾವಶ್ಯಕ; ಏಕೆಂದರೆ ಕ್ವಾಲ್‌ಕಾಮ್ ಚಿಪ್ಪುಗಳಲ್ಲಿ ಬೀಗ ಹಿಡಿಯುವ ವಿಧಾನವೇ ಬೇರೆ. ಅಲ್ಲಿ ಪ್ರೊಸೆಸರು ತನ್ನ ಗುರುತಿನ ಸಂಖ್ಯೆಯನ್ನು ಬರೆದು, ಮರಳಿ ಓದಿ, ಅದೇ ಸಂಖ್ಯೆ ಉಳಿದಿದ್ದರೆ ಮಾತ್ರ ಬೀಗ ತನ್ನದಾಯಿತೆಂದು ತಿಳಿಯತಕ್ಕದ್ದು.

ನನ್ನ ಆಗ್ರಹವಿರುವುದು ಇದರಿಂದ ಮುಂದಿನ ಹೆಜ್ಜೆಯ ವಿಷಯದಲ್ಲಿ. ಬೀಗಕ್ಕೆ ತಾನು ಯಾವುದನ್ನು ಕಾಯುತ್ತಿರುವೆನೆಂಬ ಅರಿವಿಲ್ಲ. ತೂಬನ್ನು ಒಬ್ಬರಿಗೊಮ್ಮೆಯಂತೆ ಬಿಡುವ ನೀರುಗಂಟಿಗೆ ಯಾವ ಗದ್ದೆಗೆ ಯಾವ ತೂಬೆಂಬುದನ್ನು ಊರವರು ಮೊದಲೇ ನಿಶ್ಚಯಿಸಿಕೊಟ್ಟಿರಬೇಕು. ಇಲ್ಲಿಯೂ ಇಂಥ ಮೆಮೊರಿಗೆ ಇಂಥ ಸಂಖ್ಯೆಯ ಬೀಗವೆಂದು ಎರಡು ಪಕ್ಷದವರೂ ಒಪ್ಪಿರದಿದ್ದರೆ, ಲಿನಕ್ಸು ಏಳನೆಯ ಬೀಗವನ್ನೂ ಆಚೆಯ ಪ್ರೊಸೆಸರು ಎಂಟನೆಯದನ್ನೂ ಹಿಡಿದು, ಇಬ್ಬರೂ ನಿಯಮಬದ್ಧವಾಗಿ ನಡೆದೆವೆಂಬ ನಂಬಿಕೆಯಲ್ಲೇ ಒಂದೇ ದತ್ತಾಂಶವನ್ನು ಕೆಡಿಸಿಬಿಡಬಹುದು. ಡಿವೈಸ್ ಟ್ರೀ ಯಂತ್ರವನ್ನು ಮಾತ್ರ ಬಣ್ಣಿಸಬೇಕು, ಬಳಸುವವರ ನೀತಿಯನ್ನು ಅದರೊಳಗೆ ತರಬಾರದೆಂಬ ವಾದವೊಂದುಂಟು. ಆ ತತ್ತ್ವವನ್ನು ನಾನು ಗೌರವಿಸುತ್ತೇನೆ, ಏಕೆಂದರೆ ಆ ವಿವರಣೆಯನ್ನು ಲಿನಕ್ಸಲ್ಲದ ಇತರ ವ್ಯವಸ್ಥೆಗಳೂ ಓದುತ್ತವೆ. ಆದರೆ ಆಚೆಯ ಪ್ರೊಸೆಸರಿನ ಫರ್ಮ್‌ವೇರಿನಲ್ಲಿ, ಎಂದರೆ ಅದರೊಳಗೇ ನೆಲೆಸಿದ ತಂತ್ರಾಂಶದಲ್ಲಿ, ಸಂಖ್ಯೆಯೊಂದು ಅಚ್ಚಾಗಿಹೋಗಿರುವಾಗ, ಕರ್ನಲ್ಲಿನ ಪಾಲಿಗೆ ಅದು ನೀತಿಯಾಗಿ ಉಳಿಯುವುದಿಲ್ಲ. ಘಟಕದ ವಿಳಾಸದಷ್ಟೇ ಅಚಲವಾದ ಯಂತ್ರಸತ್ಯವಾಗುತ್ತದೆ. ಕ್ವಾಲ್‌ಕಾಮಿನ ಅನೇಕ ಚಿಪ್ಪುಗಳ ವಿವರಣೆಯಲ್ಲಿ ಮೋಡೆಮ್ ಮೊದಲಾದವುಗಳೊಡನೆ ಹಂಚಿಕೊಂಡ ಮೆಮೊರಿಗೆ 3ನೆಯ ಬೀಗವೆಂದು ಸ್ಪಷ್ಟವಾಗಿ ನಮೂದಿಸಿರುವರು. ಆ ಒಂದು ಅಂಕವಿರುವುದರಿಂದ, ಆ ಚಿಪ್ಪನ್ನು ಎಂದೂ ಕಾಣದ ಪ್ರೋಗ್ರಾಮರನೂ ಸರಿಯಾದ ಬೀಗವನ್ನೇ ಹಿಡಿಯುವಂತಾಯಿತು.

ಇದು ನಮಗೆ ದೂರದ ಮಾತಲ್ಲ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬೆಂಗಳೂರಿನಲ್ಲಿ ಕೇಂದ್ರವನ್ನು ತೆರೆದಂದಿನಿಂದ ಚಿಪ್ಪಿನ ವಿನ್ಯಾಸ ಈ ನಗರದ ನಿತ್ಯವೃತ್ತಿಗಳಲ್ಲೊಂದಾಗಿದೆ. ಮದ್ರಾಸಿನ ಐಐಟಿಯ ಶಕ್ತಿ ಪ್ರೊಸೆಸರುಗಳು ಅನುಸರಿಸುವ ರಿಸ್ಕ್-ಫೈವ್ ಸಂಪ್ರದಾಯದಲ್ಲಿಯೂ ಲಿನಕ್ಸಿಗೆ ಯಂತ್ರವನ್ನು ಪರಿಚಯಿಸಲು ಡಿವೈಸ್ ಟ್ರೀಯೇ ಬಳಕೆಯಲ್ಲಿದೆ. ಈಗ ವಿವರಣೆಗಳನ್ನು ನಿಗದಿತ ನಮೂನೆಗೆ ಹೋಲಿಸಿ ತಪ್ಪು ತೋರಿಸುವ ಉಪಕರಣಗಳು ಕರ್ನಲ್ಲಿನಲ್ಲಿಯೇ ಇವೆ. ಅವು ಅಗತ್ಯವಾದ ಗುಣವೊಂದು ಬಿಟ್ಟುಹೋಗಿದ್ದರೆ ಹೇಳುವುವು, ಬರೆದುದರ ರೂಪ ಕೆಟ್ಟಿದ್ದರೆ ಹೇಳುವುವು. ಆಚೆಯ ಫರ್ಮ್‌ವೇರು ನಿಜವಾಗಿ ಹಿಡಿಯುವುದು 3ನೆಯ ಬೀಗವನ್ನೋ 4ನೆಯದನ್ನೋ ಎಂಬುದನ್ನು ಮಾತ್ರ ಹೇಳಲಾರವು. ಅದನ್ನು ಬಲ್ಲವನು ಫರ್ಮ್‌ವೇರನ್ನು ಬರೆದ ಎಂಜಿನಿಯರನೊಬ್ಬನೇ. ಆದುದರಿಂದ ಸಂಖ್ಯೆಯು ನಿಶ್ಚಯವಾದ ದಿನವೇ ಅವನಿಂದ ಅದನ್ನು ವಿವರಣೆಯಲ್ಲಿ ಬರೆಸಿ, ಎಲ್ಲರೂ ಓದಬಹುದಾದ ಕರ್ನಲ್ ಮೂಲದಲ್ಲಿ ಪ್ರಕಟಿಸುವುದನ್ನು, ಚಿಪ್ಪನ್ನು ತಯಾರಿಸುವ ಸಂಸ್ಥೆಗಳು ತಮ್ಮ ಕೆಲಸದ ಅಂಗವೆಂದೇ ಎಣಿಸತಕ್ಕದ್ದು.