ದ್ವೀಪ ನೋಡಲು ಬಂದವರು

2025ರ ಜುಲೈ 14ರಂದು ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಸಂಚಾರಕ್ಕೆ ತೆರೆಯಿತು. ಶರಾವತಿ ಹಿನ್ನೀರಿನ ಮೇಲೆ ಎರಡು ಕಿಲೋಮೀಟರಿಗೂ ಮಿಕ್ಕಿ ಉದ್ದ ಚಾಚಿದ ಸೇತುವೆ. ಅದು ತೆರೆದ ಮಾರನೆಯ ದಿನದಿಂದಲೇ ನಮ್ಮ ಕಡೆ ಒಂದು ವಿಚಿತ್ರ ಶೋಕ ಶುರುವಾಯಿತು. ಹೊಳೆಬಾಗಿಲಿನ ಲಾಂಚ್ ಹೋಯಿತಲ್ಲ, ಸಿಗಂದೂರಿಗೆ ಹೋಗುವುದರಲ್ಲಿ ಇನ್ನೇನು ಮಜಾ ಉಳಿಯಿತು, ಮಕ್ಕಳಿಗೆ ಇನ್ನು ಏನು ತೋರಿಸುವುದು ಎಂಬ ಶೋಕ. ಹೀಗೆ ಹಲುಬಿದವರಲ್ಲಿ ಬೆಂಗಳೂರಿನವರಿದ್ದರು, ಶಿವಮೊಗ್ಗದವರಿದ್ದರು, ಶಿಕಾರಿಪುರ ಸೊರಬದ ನಮ್ಮವರೂ ಇದ್ದರು. ತುಮರಿ ಕಡೆಯವರು ಒಬ್ಬರಾದರೂ ಹೀಗೆ ಅತ್ತಿದ್ದನ್ನು ನಾನು ಕಾಣಲಿಲ್ಲ. ಲಾಂಚಿನ ಸಿಬ್ಬಂದಿಯ ಮೇಲೆ ಅವರಿಗೆ ಪ್ರೀತಿ ಇದೆ, ಅದು ಬೇರೆ ವಿಷಯ. ಸೇತುವೆ ಬೇಕೆಂದು ವರ್ಷಗಟ್ಟಲೆ ಅರ್ಜಿ ಹಿಡಿದು ಓಡಾಡಿದವರೂ ಅವರೇ.

ಈ ಶೋಕದ ಮೇಲೆ ನನಗೆ ಸಿಟ್ಟಿದೆ. ಲಾಂಚಿನ ಸುಖ ಗೊತ್ತಿಲ್ಲದವನ ಸಿಟ್ಟು ಇದಲ್ಲ. ನನ್ನ ಬಾಲ್ಯದ ಬೇಸಿಗೆ ರಜೆ ಎಂದರೆ ಆ ಲಾಂಚೇ. ಅಂಬ್ಲಿಗೊಳದಿಂದ ಬಸ್ಸು ಹತ್ತಿ ಆನಂದಪುರ, ಅಲ್ಲಿಂದ ಸಾಗರ, ಸಾಗರದಿಂದ ಆವಿನಹಳ್ಳಿ ಮೇಲೆ ಹೊಳೆಬಾಗಿಲು. ಅಪ್ಪನ ತಂಗಿಯನ್ನು ಆಚೆ ದಡಕ್ಕೆ ಕೊಟ್ಟಿತ್ತು. ಹಲಸಿನ ಹಪ್ಪಳದ ಗಂಟು, ಅವಲಕ್ಕಿ ಚೀಲ, ಅತ್ತೆಗೆಂದು ಅಮ್ಮ ಕೊಟ್ಟ ಸೀರೆ, ಇವನ್ನೆಲ್ಲ ಹೊತ್ತು ನಾವು ಮಕ್ಕಳು ಇಳಿಜಾರಿನಲ್ಲಿ ಓಡುತ್ತಿದ್ದೆವು. ಲಾಂಚ್ ದಡಕ್ಕೆ ತಗಲಿ ಎದುರಿನ ಹಲಗೆ ಧಡಕ್ಕನೆ ಬೀಳುವುದು, ಇಂಜಿನ್ನಿನ ಗುಡುಗುಡು ಅಂಗಾಲಿನಿಂದ ಹಲ್ಲಿನವರೆಗೆ ಏರುವುದು, ಡೀಸೆಲ್ ವಾಸನೆ, ಕಂಬಿ ಹಿಡಿದು ಬಗ್ಗಿದರೆ ಬೆನ್ನ ಮೇಲೆ ಬೀಳುವ ಅಪ್ಪನ ಏಟು. ಸಾಗರದ ಮಾರಿಜಾತ್ರೆ ಮೂರು ವರ್ಷಕ್ಕೊಮ್ಮೆ ಬಂದರೆ ಈ ಜಾತ್ರೆ ಪ್ರತಿ ವರ್ಷ ಬರುತ್ತಿತ್ತು. ಬಿಡದಿಯಲ್ಲಿ ವಂಡರ್‌ಲಾ ತೆರೆದದ್ದು 2005ರಲ್ಲಿ. ಅದಕ್ಕೆ ಎಷ್ಟೋ ಮುಂಚೆ, ನಾಲ್ಕು ಕಾಸಿನ ಟಿಕೇಟಿಗೆ ನಮಗೆ ನೀರಿನ ಮೇಲಿನ ಆಟ ಸಿಕ್ಕಿತ್ತು. ಅದರ ಮಜವನ್ನು ನಾನು ಇವತ್ತಿಗೂ ಅಲ್ಲಗಳೆಯುವುದಿಲ್ಲ.

ಆದರೆ ಆಟದ ಸಾಮಾನು ಅಲ್ಲಿಗೆ ಹೇಗೆ ಬಂತು ಎಂಬುದನ್ನು ಬಿಟ್ಟು ಆಟದ ಕತೆ ಹೇಳುವುದು ಸರಿಯಲ್ಲ. ನಮ್ಮ ಅಂಬ್ಲಿಗೊಳದಲ್ಲೂ ಒಂದು ಡ್ಯಾಂ ಇದೆ. ಅದರ ನೀರು ಕಾಲುವೆಯಲ್ಲಿ ಇಳಿದು ಗದ್ದೆಗೆ ಹೋಗುತ್ತದೆ. ಅದು ತುಂಬಿದ ವರ್ಷ ನಮ್ಮ ಕಡೆಯ ಕಣ ತುಂಬುತ್ತದೆ. ಹಾಗಾಗಿ ಡ್ಯಾಂ ಎಂದರೆ ಒಳ್ಳೆಯದು ಎಂದೇ ನಾವು ಬೆಳೆದದ್ದು. ಲಿಂಗನಮಕ್ಕಿ ಆ ಜಾತಿಯದಲ್ಲ. 1964ರಲ್ಲಿ ಮುಗಿದ ಆ ಅಣೆಕಟ್ಟು ಗದ್ದೆಗೆ ನೀರು ಕೊಡಲು ಕಟ್ಟಿದ್ದೇ ಅಲ್ಲ. ನೀರು ತಳಕಳಲೆಗೆ ಹೋಗಿ, ಅಲ್ಲಿಂದ ಕೊಳವೆಗಳಲ್ಲಿ ಘಟ್ಟ ಇಳಿದು, 1035 ಮೆಗಾವಾಟಿನ ವಿದ್ಯುದಾಗಾರದಲ್ಲಿ ಕರೆಂಟಾಗಿ ಊರೂರಿಗೆ ಹರಿಯಿತು. ನೀರು ನಿಂತ ಜಾಗದವರ ಗದ್ದೆ, ತೋಟ, ದೇವಸ್ಥಾನ, ಬಾವಿ ಎಲ್ಲ ಅಡಿಗೆ ಹೋದವು. ಅತ್ತೆಯ ಮನೆಯಲ್ಲಿ ನಾವು ಕಳೆದ ರಜೆಗಳೆಲ್ಲ ಚಿಮಣಿ ಬುಡ್ಡಿಯ ಬೆಳಕಿನಲ್ಲಿ. ನಮಗೆ ಅದೂ ಒಂದು ಮಜವೇ, ಬಿಡಿ.

ಬೇಸಿಗೆಯಲ್ಲಿ ನೀರು ಇಳಿದಾಗ ಒಣಗಿದ ಮರದ ಬೊಡ್ಡೆಗಳು ಸಾಲಾಗಿ ಮೇಲೇಳುತ್ತವೆ. ಮನೆಗಳ ಪಂಚಾಂಗ ಕಾಣುತ್ತದೆ. ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು ಕೂಡ ತಲೆಯೆತ್ತುತ್ತದೆ. ಜೋಗದ ಹಳೆಯ ವಿದ್ಯುದಾಗಾರಕ್ಕೆಂದು ಕಟ್ಟಿದ ಆ ಅಣೆಕಟ್ಟನ್ನು ಲಿಂಗನಮಕ್ಕಿ ಇಪ್ಪತ್ತು ವರ್ಷವೂ ಬಾಳಗೊಡದೆ ನುಂಗಿತು. ಈಗ ಅದನ್ನು ನೋಡಲು ಜನ ಜೀಪು ಮಾಡಿಕೊಂಡು ಹೋಗುತ್ತಾರೆ, ಹೋಗಲಿ. ನನ್ನ ಅತ್ತೆಯ ಮಾವ ಮಾತ್ರ ಬೇಸಿಗೆಯಲ್ಲಿ ದಡಕ್ಕೆ ಬರುತ್ತಿರಲಿಲ್ಲ. ಕರೆದರೆ, "ನೀವು ಹೋಗಿ ಬನ್ನಿ, ಅಲ್ಲಿ ನಂಗೇನು ಕೆಲಸ" ಎಂದು ಎಲೆ ಅಡಿಕೆಗೆ ಕೈ ಹಾಕುತ್ತಿದ್ದರು. ಅವರು ಹುಟ್ಟಿದ ಮನೆಯ ಜಗಲಿ ಅಲ್ಲಿ ಬಿಸಿಲಿಗೆ ಬಿದ್ದಿರುತ್ತಿತ್ತು ಎಂದು ಅತ್ತೆ ಆಮೇಲೆ ಹೇಳಿದಳು.

ಕರೂರು, ಭಾರಂಗಿ ಸೀಮೆ ಭೂಪಟದಲ್ಲಿ ಅಪ್ಪಟ ದ್ವೀಪವೇನಲ್ಲ. ಮೂರು ಕಡೆ ನೀರು, ಇನ್ನೊಂದು ಕಡೆ ಘಟ್ಟದ ಕಾಡು. ಕಾರ್ಗಲ್ಲಿನ ಕಡೆಯಿಂದಲೋ ಕೊಲ್ಲೂರಿನ ಕಡೆಯಿಂದಲೋ ಸುತ್ತಿ ಬಳಸಿ ಹೋಗಬಹುದು. ಆದರೂ ಅಲ್ಲಿಯವರೇ ಅದನ್ನು ದ್ವೀಪ ಎಂದರು. ಪೇಟೆಯವರ ಬಾಯಲ್ಲಿ ದ್ವೀಪ ಎಂದರೆ ರಜೆ, ತೆಂಗಿನ ಮರ, ಫೋಟೋ. ಸಾಗರ ಸೀಮೆಯಲ್ಲಿ ಆ ಮಾತಿನ ಅರ್ಥ ಬೇರೆ. ಶರಾವತಿ ಯೋಜನೆಯ ಕಾಲಕ್ಕೆ ಲೋಕೋಪಯೋಗಿ ಇಲಾಖೆಯಲ್ಲಿದ್ದು ಮುಳುಗಡೆಯನ್ನು ಕಣ್ಣಾರೆ ಕಂಡ ನಾ. ಡಿಸೋಜ ತಮ್ಮ ಕಾದಂಬರಿಗೆ 'ದ್ವೀಪ' ಎಂದೇ ಹೆಸರಿಟ್ಟರು. ಗಿರೀಶ ಕಾಸರವಳ್ಳಿ ಅದನ್ನು ಸಿನಿಮಾ ಮಾಡಿದರು. ಡಿಸೋಜ ತೀರಿಕೊಂಡದ್ದು 2025ರ ಜನವರಿಯಲ್ಲಿ, ಸೇತುವೆ ತೆರೆಯಲು ಇನ್ನು ಆರು ತಿಂಗಳಿತ್ತು.

ಅತ್ತೆ ಒಮ್ಮೆ ಹೇಳಿದ್ದಳು: "ನಿಮಗೆ ಇದು ಜಾತ್ರೆ ತೊಟ್ಟಿಲು ಕಣಾ. ಹತ್ತಿ ಇಳಿದು ಊರಿಗೆ ಹೋಗ್ತೀರಿ. ನಮಗೆ ಸಂಜೆ ಲಾಂಚ್ ಹೋಯ್ತು ಅಂದ್ರೆ ಬಾಗಿಲು ಹಾಕ್ದಂಗೆ." ಬಸುರಿಯರನ್ನು ದಿನ ತುಂಬುವ ಮೊದಲೇ ಸಾಗರದ ನೆಂಟರ ಮನೆಗೆ ಸಾಗಿಸುತ್ತಿದ್ದರು. ಹಾವು ಕಚ್ಚಿದರೆ ಎಷ್ಟು ಹೊತ್ತಿಗೆ ಕಚ್ಚಿತು ಎಂಬುದೇ ಮೊದಲ ಪ್ರಶ್ನೆ. ಕಾಲೇಜಿಗೆ ಹೋಗುವ ಹುಡುಗಿ ಕೊನೆಯ ಪಿರಿಯಡ್ ಬಿಟ್ಟು ಓಡಿ ಬರಬೇಕು. ನಾವು ರಜೆಗೆ ಹೋಗುತ್ತಿದ್ದ ಆ ಬೇಸಿಗೆಯಲ್ಲೇ ಅವರ ಕಷ್ಟ ಹೆಚ್ಚು. ಮಳೆ ತಡವಾದ ವರ್ಷ ನೀರು ತಳ ಕಂಡು, ಲಾಂಚಿಗೆ ವಾಹನ ಹತ್ತಿಸುವುದನ್ನೇ ನಿಲ್ಲಿಸುತ್ತಿದ್ದರು. 2023ರ ಜೂನಿನಲ್ಲೂ ಹಾಗೇ ಆಯಿತು. ಇಷ್ಟನ್ನೂ ಮರೆತು ಲಾಂಚಿಗೆ ಕಣ್ಣೀರು ಹಾಕುವವರು, ತಮ್ಮ ವರ್ಷದ ಒಂದು ಭಾನುವಾರಕ್ಕಾಗಿ ಇನ್ನೊಬ್ಬರ ಮುನ್ನೂರ ಅರವತ್ತನಾಲ್ಕು ದಿನಗಳನ್ನು ಕೇಳುತ್ತಿದ್ದಾರೆ.

ಈ ಶೋಕದ ಬೆನ್ನಿಗೇ ಸಲಹೆಗಳೂ ಬಂದವು. ಲಾಂಚನ್ನು ತೇಲುವ ಹೋಟೆಲು ಮಾಡಿ, ನಡುಗಡ್ಡೆಗಳಲ್ಲಿ ಉದ್ಯಾನ ಮಾಡಿ, ಜಾರುಬಂಡೆ ಇಡಿ, ಸ್ಪೀಡ್ ಬೋಟ್ ಬಿಡಿ, ಅಲ್ಲಿಯ ಹುಡುಗರಿಗೆ ಉದ್ಯೋಗ ಸಿಗುತ್ತದೆ. ಉದ್ಯೋಗದ ಮಾತನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಅಡಿಕೆ ತೋಟ ಎಲ್ಲರಿಗೂ ಇಲ್ಲ, ಹೊನ್ನೆಮರಡಿನ ಕಡೆ ದೋಣಿ ಕಲಿಸಿ, ಈಜು ಕಲಿಸಿ, ಗಲಾಟೆ ಇಲ್ಲದೆ ನಡೆಸಿಕೊಂಡು ಬಂದ ಉದಾಹರಣೆಯೂ ಕಣ್ಣೆದುರಿಗಿದೆ. ಆದರೆ ಒಂದು ಪ್ರಶ್ನೆ. ಆ ನಡುಗಡ್ಡೆ ಎಂದರೇನು? ಅದು ಯಾರದೋ ಊರಿನ ಗುಡ್ಡದ ನೆತ್ತಿ. ಅದರ ಬುಡದಲ್ಲಿದ್ದವರನ್ನು ಲಾರಿಗೆ ಹೇರಿ ಜಿಲ್ಲೆಯ ಬೇರೆ ಬೇರೆ ತಾಲ್ಲೂಕುಗಳ ಕಾಡಿನಂಚಿಗೆ ಇಳಿಸಲಾಯಿತು. ಅವರು ಉತ್ತು ಬಿತ್ತಿ ಮೂರು ತಲೆಮಾರಾದರೂ ಎಷ್ಟೋ ಕುಟುಂಬಗಳಿಗೆ ಹಕ್ಕುಪತ್ರ ಕೈಗೆ ಬಂದಿಲ್ಲ. ಕಡತದಲ್ಲಿ ಆ ಭೂಮಿ ಇನ್ನೂ ಕಾಡು. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ಪ್ರಕಾರ ಕೇಂದ್ರದ ಒಪ್ಪಿಗೆ ಬೇಕಿತ್ತು. ಅದನ್ನು ಪಡೆಯದೆ ರಾಜ್ಯ ಹೊರಡಿಸಿದ ಆದೇಶಗಳು ಹೈಕೋರ್ಟಿನಲ್ಲಿ ನಿಲ್ಲಲಿಲ್ಲ. ಆಚೆ ದಡದಲ್ಲೇ ಉಳಿದವರಿಗೆ 1972ರಲ್ಲಿ ಘೋಷಣೆಯಾದ ಅಭಯಾರಣ್ಯದ ಕಟ್ಟಳೆಗಳು. ಕೊಟ್ಟಿಗೆಗೆ ಸೊಪ್ಪು ತಂದರೆ ಕಾಡು ಹಾಳಾಗುತ್ತದೆ ಎನ್ನುವ ಅದೇ ನೆಲದಲ್ಲಿ ಜಾರುಬಂಡೆ ಇಟ್ಟರೆ ಹಾಳಾಗುವುದಿಲ್ಲವೆ?

ಆದ್ದರಿಂದ ಮೊದಲು ಪತ್ರ, ಆಮೇಲೆ ಪಾರ್ಕು. ಅದೂ ಅಲ್ಲಿಯ ಗ್ರಾಮಸಭೆ ಒಪ್ಪಿದರೆ, ಟಿಕೇಟಿನ ದುಡ್ಡು ಆ ಪಂಚಾಯಿತಿಗೇ ಹೋಗುವುದಾದರೆ. ನೀರಿನ ಮೇಲೆ ಹೋಟೆಲು ನಡೆಸುವ ಗುತ್ತಿಗೆ ದೂರದ ದೊಡ್ಡವರಿಗೆ ಹೋಗಿ, ತಟ್ಟೆ ಎತ್ತುವ ಕೆಲಸ ಮುಳುಗಡೆಯವರ ಮೊಮ್ಮಕ್ಕಳಿಗೆ ಬರುವುದಾದರೆ ಅದನ್ನು ಉದ್ಯೋಗ ಎಂದು ಕರೆಯಬೇಡಿ.

ಸೇತುವೆಯಾದ ತಿಂಗಳಲ್ಲಿ ಅತ್ತೆಯ ಮಗ ಫೋನ್ ಮಾಡಿದ್ದ. ಐವತ್ತು ದಾಟಿದ ಮನುಷ್ಯ. ಸಾಗರದಲ್ಲಿ ಸೆಕೆಂಡ್ ಶೋ ನೋಡಿ ಮನೆಗೆ ಬಂದು ಮಲಗಿದೆ ಎಂದ. ಯಾವ ಸಿನಿಮಾ ಎಂದು ಕೇಳಿದೆ. "ಎಂತದೋ ಮಾರಾಯ, ಅರ್ಧಕ್ಕೇ ನಿದ್ದೆ ಬಂತು" ಎಂದ.