ಬಾಟಲಿಯ ಮೇಲಿನ ಹೆಸರು

ಈಚೆಗೊಂದು ಬೇಸಗೆಯ ಮಧ್ಯಾಹ್ನ ನಮ್ಮ ಕಾಲೇಜಿನ ಉಪಾಹಾರಗೃಹದಲ್ಲಿ ನನ್ನ ವಿದ್ಯಾರ್ಥಿಯೊಬ್ಬನು ಹತ್ತು ರೂಪಾಯಿ ಕೊಟ್ಟು ಒಂದು ಪುಟ್ಟ ಬಾಟಲಿಯನ್ನು ಕೊಂಡು, ಅದನ್ನು ನನ್ನತ್ತ ಚಾಚಿ, "ಕ್ಯಾಂಪಾ ಅಂತ, ಹೊಸದಾಗಿ ಬಂದಿದೆ ಸಾರ್" ಎಂದನು. ಆ 'ಹೊಸದು' ಎಂಬ ಮಾತು ನನ್ನನ್ನು ಅಲ್ಲಿಯೇ ತಡೆದು ನಿಲ್ಲಿಸಿತು. ಆ ಹೆಸರು ಅವನಿಗಿಂತಲೂ ಹಳೆಯದು. ನಲವತ್ತನ್ನು ದಾಟಿದ ನನಗಿಂತಲೂ ಹಳೆಯದು.

ಸಾಹಿತ್ಯಕ್ಕೆ ಮೀಸಲಾದ ಈ ಪುಟದಲ್ಲಿ ತಂಪು ಪಾನೀಯಗಳ ವ್ಯಾಪಾರದ ಮಾತೇಕೆ ಎಂದು ವಾಚಕರು ಹುಬ್ಬೇರಿಸಬಹುದು. ನೀರು, ಸಕ್ಕರೆ, ಬಣ್ಣ, ಅನಿಲ, ಎಲ್ಲೋ ಒಂದು ಚಮಚ ಪರಿಮಳಸಾರ; ಇಷ್ಟರಲ್ಲಿ ಒಂದು ಬಾಟಲಿಗೂ ಇನ್ನೊಂದಕ್ಕೂ ಇರುವ ಅಂತರ ಎಷ್ಟು ತಾನೆ? ಅಂಗಡಿಯಲ್ಲಿ ಮಾರಾಟವಾಗುವುದು ಬಹುಮಟ್ಟಿಗೆ ಹೆಸರು. ಹೆಸರಿನ ವ್ಯಾಪಾರವೆಂದ ಮೇಲೆ ಭಾಷೆಯ ಅಧ್ಯಾಪಕನಿಗೂ ಅದರಲ್ಲಿ ಒಂದು ಮಾತು ಆಡುವ ಹಕ್ಕುಂಟು ಎಂದು ಭಾವಿಸಿದ್ದೇನೆ.

ಕಥೆ ತೊಡಗುವುದು 1977ರಲ್ಲಿ. ವಿದೇಶೀ ಕಂಪೆನಿಗಳು ಇಲ್ಲಿನ ತಮ್ಮ ಪಾಲನ್ನು ಶೇಕಡ 40ಕ್ಕೆ ಇಳಿಸಿಕೊಳ್ಳಬೇಕೆಂದು 1973ರ ವಿದೇಶೀ ವಿನಿಮಯ ನಿಯಂತ್ರಣ ಕಾಯಿದೆ ವಿಧಿಸಿತ್ತು. ಜನತಾ ಸರಕಾರದಲ್ಲಿ ಕೈಗಾರಿಕಾ ಸಚಿವರಾಗಿದ್ದವರು ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸರು. ಕೋಕಾ ಕೋಲಾ ಕಂಪೆನಿ ತನ್ನ ರಹಸ್ಯಸೂತ್ರವನ್ನು ಹಂಚಿಕೊಳ್ಳಲೊಪ್ಪದೆ ಗಂಟುಮೂಟೆ ಕಟ್ಟಿತು. ತೆರವಾದ ಸ್ಥಾನಕ್ಕೆ ಸರಕಾರವೇ ಒಂದು ಪಾನೀಯವನ್ನು ತಂದಿತು. ಅದನ್ನು ತಯಾರಿಸಿದ್ದು ರೊಟ್ಟಿ ಮಾಡುತ್ತಿದ್ದ ಸರಕಾರಿ ಸಂಸ್ಥೆಯಾದ ಮಾಡರ್ನ್ ಫುಡ್ ಇಂಡಸ್ಟ್ರೀಸ್; ಅದರ ಸಾರದ ಸೂತ್ರ ಸಿದ್ಧವಾದದ್ದು ನಮ್ಮ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ. ಚಲುವಾಂಬ ವಿಲಾಸದ ಅರಮನೆಯಲ್ಲಿ, ಮಗುವಿನ ಆಹಾರದಿಂದ ಮೊದಲ್ಗೊಂಡು ಎಷ್ಟೋ ಉಪಯುಕ್ತ ಕಾರ್ಯಗಳನ್ನು ಮಾಡಿದ ಆ ಸಂಸ್ಥೆಯ ವಿಜ್ಞಾನಿಗಳು ಅಮೆರಿಕದ ಒಂದು ಕಪ್ಪು ಸಕ್ಕರೆನೀರಿಗೆ ಉತ್ತರ ಹುಡುಕಬೇಕಾಗಿ ಬಂದದ್ದನ್ನು ನೆನೆದರೆ ನಗು ಬರುತ್ತದೆ, ಸ್ವಲ್ಪ ಹೆಮ್ಮೆಯೂ ಆಗುತ್ತದೆ.

ಆ ಪಾನೀಯಕ್ಕೆ ಇಟ್ಟ ಹೆಸರು 'ಡಬಲ್ ಸೆವೆನ್'. ಸರಕಾರ ಅಧಿಕಾರಕ್ಕೆ ಬಂದ ವರ್ಷದ ಕೊನೆಯ ಎರಡು ಅಂಕೆಗಳು! ಇಸವಿಯನ್ನು ಹೆಸರಾಗಿ ಇಟ್ಟುಕೊಂಡ ವಸ್ತು ಮರುವರ್ಷವೇ ಹಳತಾಗುತ್ತದೆಂಬುದು ಯಾರಿಗೂ ಹೊಳೆಯಲಿಲ್ಲವೇ? ವಿಜ್ಞಾನವಿತ್ತು, ರಾಜಾಶ್ರಯವಿತ್ತು, ಅಂಗಡಿಯ ಮುಂದೆ ನಿಂತು ಅದನ್ನೇ ಕೊಡೆನ್ನುವ ನಾಲಗೆಗಳು ಮಾತ್ರ ಸಾಕಷ್ಟು ಇರಲಿಲ್ಲ. ಸರಕಾರ ಬಿದ್ದ ಮೇಲೆ ಅದೂ ಬಹುಕಾಲ ಬಾಳಲಿಲ್ಲ.

ಅದೇ ವರ್ಷ ಪಾರ್ಲೆಯ ರಮೇಶ್ ಚೌಹಾಣರು 'ಥಮ್ಸ್ ಅಪ್' ಹೊರತಂದರು. ಹಿಂದೆ ಕೋಕಾ ಕೋಲಾವನ್ನು ಬಾಟಲಿಗೆ ತುಂಬುತ್ತಿದ್ದ ಪ್ಯೂರ್ ಡ್ರಿಂಕ್ಸ್ ಸಂಸ್ಥೆ 'ಕ್ಯಾಂಪಾ ಕೋಲಾ' ತಂದಿತು. ಥಮ್ಸ್ ಅಪ್ ಎಂಬುದರ ಇಂಗ್ಲಿಷ್ ಕಾಗುಣಿತದಲ್ಲಿ 'ಬಿ' ಅಕ್ಷರ ಇಲ್ಲ. ಇಂಗ್ಲಿಷ್ ಅಧ್ಯಾಪಕರಿಗೆ ಅದು ಇಂದಿಗೂ ಕಣ್ಣಲ್ಲಿನ ಕಸ. ಕನ್ನಡದಲ್ಲಿ ಬರೆದರೆ ಆ ತಪ್ಪಿಗೆ ಕುರುಹೇ ಉಳಿಯುವುದಿಲ್ಲ. ನುಡಿದಂತೆ ಬರೆಯುವ ಲಿಪಿಗೆ ಇಂಥ ಒಂದು ಔದಾರ್ಯವುಂಟು. ಮುಂದೆ ಪೆಪ್ಸಿಯೊಡನೆ ಸ್ಪರ್ಧೆ ಬಿದ್ದಾಗ ಥಮ್ಸ್ ಅಪ್ 300 ಮಿಲಿಲೀಟರಿನ ದೊಡ್ಡ ಬಾಟಲಿಯನ್ನು 'ಮಹಾಕೋಲಾ' ಎಂದು ತಂದಿತು; ಸಣ್ಣ ಊರುಗಳಲ್ಲಿ ಜನ ಮೂಲದ ಹೆಸರನ್ನು ಬಿಟ್ಟು ಈ ಹೆಸರನ್ನೇ ಹೇಳಿ ಕೇಳತೊಡಗಿದರು. ಆ ಪೆಪ್ಸಿಯಾದರೂ 1990ರಲ್ಲಿ ನಮ್ಮ ಪೇಟೆಗೆ ಇಳಿದಾಗ ವಿದೇಶೀ ಹೆಸರನ್ನು ಒಂಟಿಯಾಗಿ ಬಳಸುವಂತಿರಲಿಲ್ಲ. 'ಲೆಹರ್' ಎಂಬ ದೇಶೀ ಮಾತನ್ನು ಮುಂದಿಟ್ಟುಕೊಂಡು, ಗಂಡನ ಮನೆಗೆ ತಮ್ಮನನ್ನು ಜೊತೆಗೂಡಿಸಿಕೊಂಡು ಬಂದ ಹೊಸ ಸೊಸೆಯಂತೆ ಒಳಬಂದಿತು. ನಿಯಮ ಸಡಿಲವಾದ ಮೇಲೆ ತಮ್ಮನನ್ನು ಕಳುಹಿಸಿಕೊಟ್ಟಿತು.

1993ರಲ್ಲಿ ಕೋಕಾ ಕೋಲಾ ಹಿಂತಿರುಗಿತು. ಬಂದದ್ದೇ ಕಾದಾಟಕ್ಕಿಳಿಯಲಿಲ್ಲ, ಪೇಟೆಯ ಅರ್ಧಕ್ಕಿಂತ ಹೆಚ್ಚನ್ನು ಹಿಡಿದಿದ್ದ ಪಾರ್ಲೆಯ ಪಾನೀಯಗಳ ಹೆಸರುಗಳನ್ನೇ ಕೊಂಡುಬಿಟ್ಟಿತು. ಥಮ್ಸ್ ಅಪ್, ಲಿಮ್ಕಾ, ಮಾಜಾ, ಸಿಟ್ರಾ, ಗೋಲ್ಡ್ ಸ್ಪಾಟ್ ಎಲ್ಲವೂ ಒಂದೇ ಕೈಗೆ ಬಂದವು. ಶತ್ರುವಿನ ಕೋಟೆಯನ್ನು ಮುತ್ತುವುದಕ್ಕಿಂತ ಕೋಟೆಯನ್ನು ಕ್ರಯಕ್ಕೆ ಪಡೆಯುವುದು ಸುಲಭವೆಂಬ ನೀತಿ ಇದು. ಕೊಂಡ ಮೇಲೆ ಥಮ್ಸ್ ಅಪ್‌ನ್ನು ಹಿಂದಿಟ್ಟು ತನ್ನ ಸ್ವಂತ ಕೋಲಾವನ್ನು ಮುಂದಿಡುವುದು ಕಂಪೆನಿಯ ಎಣಿಕೆಯಾಗಿತ್ತು. ಜನ ಒಪ್ಪಲಿಲ್ಲ. ಖಾರವಾದ ಆ ಪಾನೀಯ ಸಿಕ್ಕದಿದ್ದರೆ ಅವರು ಕೋಕಾ ಕೋಲಾಕ್ಕೆ ಒಲಿಯುವ ಬದಲು ಪೆಪ್ಸಿಯ ಕಡೆಗೆ ಹೊರಳುವ ಅಪಾಯವಿತ್ತು. ಕಂಪೆನಿ ತನ್ನ ನಿಲುವನ್ನು ಬದಲಿಸಿ, ಕೊಂಡು ಮೂಲೆಗಿಟ್ಟಿದ್ದ ಹೆಸರಿಗೆ ತಾನೇ ಜಾಹೀರಾತು ಮಾಡಬೇಕಾಯಿತು. 2021ರಲ್ಲಿ ಭಾರತದಲ್ಲಿ ಥಮ್ಸ್ ಅಪ್ ಮಾರಾಟ ನೂರು ಕೋಟಿ ಡಾಲರನ್ನು ಮುಟ್ಟಿತೆಂದು ಹೇಳಿಕೊಂಡದ್ದೂ ಅದೇ ಕಂಪೆನಿಯೇ.

ಗೋಲ್ಡ್ ಸ್ಪಾಟಿಗೆ ಆ ಭಾಗ್ಯವಿರಲಿಲ್ಲ. ಅದರ ಜಾಗಕ್ಕೆ ಫ್ಯಾಂಟಾ ಬರಬೇಕಾಗಿತ್ತು. ಕಿತ್ತಳೆ ಬಣ್ಣದ ಎರಡು ಬಾಟಲಿಗಳು ಒಂದೇ ಮನೆಯಲ್ಲಿ ಬೇಡವೆಂದು ಹಳೆಯದನ್ನು ಮೆಲ್ಲನೆ ಸರಿಸಲಾಯಿತು. ನನ್ನ ಸೋದರತ್ತೆಯ ಮಗಳ ಮದುವೆಯಲ್ಲಿ, ಹಂಡೆಯ ತುಂಬ ಮಂಜುಗಡ್ಡೆ ಸುರಿದು ಅದರಲ್ಲಿ ಹೂತಿಟ್ಟಿದ್ದ ಗೋಲ್ಡ್ ಸ್ಪಾಟ್ ಬಾಟಲಿಗಳ ಕಾವಲಿಗೆ ನನ್ನನ್ನು ಕೂರಿಸಿದ್ದರು. ಬೀಗರಿಗೆ ಮೊದಲು, ಉಳಿದರೆ ಮಕ್ಕಳಿಗೆ ಎಂಬ ಕಟ್ಟಪ್ಪಣೆ. ಉಳಿದದ್ದು ಒಂದೇ; ಅದನ್ನು ನಾಲ್ವರು ಹಂಚಿಕೊಂಡು ಕುಡಿದೆವು. ಮೂಗಿಗೆ ಏರಿದ ಆ ಅನಿಲದ ಚುರುಕು ಇನ್ನೂ ನೆನಪಿದೆ. ಆದರೆ ಆ ರುಚಿಯನ್ನು ಇಂದು ಯಾವ ಬೆಲೆ ಕೊಟ್ಟರೂ ತರಲಾರೆ.

ನಮ್ಮ ಸಾಹಿತ್ಯಲೋಕದಲ್ಲಿಯೂ ಹೀಗೊಂದು ಸಂಕಟವುಂಟು. ಹಕ್ಕುದಾರರು ಅಚ್ಚು ಮಾಡದೆ, ಮಾಡಗೊಡದೆ ಇಟ್ಟುಕೊಂಡ ಪುಸ್ತಕಗಳಿಗಾಗಿ ಎಷ್ಟು ವಿದ್ಯಾರ್ಥಿಗಳು ಅಲೆದಿಲ್ಲ! ಪುಸ್ತಕಕ್ಕಾದರೆ ಲೇಖಕನು ತೀರಿಕೊಂಡ 60 ವರ್ಷಗಳ ಮೇಲೆ ಬಿಡುಗಡೆಯುಂಟು. ವ್ಯಾಪಾರದ ಗುರುತಿಗೆ ಅದಿಲ್ಲ. ಹತ್ತು ವರ್ಷಕ್ಕೊಮ್ಮೆ ನವೀಕರಿಸುತ್ತ ಹೋದರೆ ಅದಕ್ಕೆ ಸಾವೇ ಇಲ್ಲ. ಬಳಸದೆ ಬಿಟ್ಟ ಗುರುತನ್ನು ಪಟ್ಟಿಯಿಂದ ತೆಗೆಸಲು ಅರ್ಜಿ ಹಾಕಬಹುದು, ನಿಜ. ಬೀರುವಿನಲ್ಲಿ ಬೀಗ ಹಾಕಿಟ್ಟ ರುಚಿಯ ಸೂತ್ರವನ್ನು ಹೊರತೆಗೆಸಲು ಯಾವ ನ್ಯಾಯಾಲಯಕ್ಕೆ ಹೋಗುವುದು? ಪೈಪೋಟಿಯಿಂದ ಗ್ರಾಹಕನಿಗೆ ಆಯ್ಕೆ ಹೆಚ್ಚುತ್ತದೆಂದು ಅರ್ಥಶಾಸ್ತ್ರದ ನನ್ನ ಸಹೋದ್ಯೋಗಿಗಳು ಹೇಳುತ್ತಾರೆ. ಹೆಚ್ಚುತ್ತದೆ, ಆದರೆ ಸ್ಪರ್ಧಿಯನ್ನು ಕೊಳ್ಳುವುದೇ ಸ್ಪರ್ಧೆಯಾದಾಗ ಆಯ್ಕೆ ಕಡಮೆಯಾಗುವುದೂ ಉಂಟೆಂಬುದಕ್ಕೆ ಆ ಹಂಡೆಯೇ ನನಗೆ ಸಾಕ್ಷಿ.

ಹೆಸರುಗಳನ್ನು ಕೊಂಡಾದ ಮೇಲೆ ಭಾಷೆಯ ಮೇಲೆ ಕೈಯಿಟ್ಟದ್ದು ಇನ್ನೊಂದು ಹೆಜ್ಜೆ. ಸುಮಾರು 2003ರಲ್ಲಿ ಕೋಕಾ ಕೋಲಾ 200 ಮಿಲಿಲೀಟರಿನ ಬಾಟಲಿಯನ್ನು 5 ರೂಪಾಯಿಗೆ ಇಳಿಸಿ, 'ಥಂಡಾ' ಎಂದರೆ ಕೋಕಾ ಕೋಲಾ ಎಂದೇ ಅರ್ಥ ಎಂದು ಹಿಂದಿಯಲ್ಲಿ ಸಾರಿತು. ಉತ್ತರದಲ್ಲಿ ಮನೆಗೆ ಬಂದವರನ್ನು ಬಿಸಿಯೋ ತಂಪೋ ಎಂದು ವಿಚಾರಿಸುವ ನಿತ್ಯದ ಮಾತು ಅದು. ರೂಢನಾಮವನ್ನು ಅಂಕಿತನಾಮ ಮಾಡಿಕೊಳ್ಳುವ ಈ ಚಾತುರ್ಯಕ್ಕೆ ವೈಯಾಕರಣನಾದವನು ತಲೆದೂಗಬೇಕು. ತಲೆದೂಗುತ್ತಲೇ ಎಚ್ಚರದಿಂದಲೂ ಇರಬೇಕು. ಮಜ್ಜಿಗೆ, ಪಾನಕ, ಗೋಲಿ ಸೋಡಾ ಎಲ್ಲವೂ ಇದ್ದದ್ದು ಆ ಒಂದು ಮಾತಿನೊಳಗೆ. ನಮ್ಮದೆಂದು ನಾವು ಕೊಂಡಾಡುವ ಗೋಲಿ ಸೋಡಾದ ಬಾಟಲಿಯೂ ಕಳೆದ ಶತಮಾನಕ್ಕಿಂತ ಹಿಂದೆ ಇಂಗ್ಲೆಂಡಿನ ಹೈರಮ್ ಕಾಡ್ ಎಂಬಾತ ಕಂಡುಹಿಡಿದದ್ದು, ಆದ್ದರಿಂದ ನನ್ನ ವಾದವನ್ನು ಸ್ವದೇಶೀ ಅಭಿಮಾನವೆಂದು ಯಾರೂ ತಿಳಿಯಬಾರದು. ಎಲ್ಲಿಂದ ಬಂದರೇನು; ಊರೂರಿನ ಸೋಡಾ ಕಾರ್ಖಾನೆಯವನು ಅದನ್ನು ತನ್ನ ಹೆಸರಿನಲ್ಲಿ ಮಾರುತ್ತಿದ್ದನಲ್ಲ!

ಶೇಕಡ 40ಕ್ಕೆ ಇಳಿಯಲಾರೆನೆಂದು 1977ರಲ್ಲಿ ಹೊರಟುಹೋದ ಕಂಪೆನಿ, ಬಾಟಲಿ ತುಂಬುವ ತನ್ನ ಭಾರತೀಯ ಸಂಸ್ಥೆಯ ಮಾತೃಸಂಸ್ಥೆಯಲ್ಲಿ ಶೇಕಡ 40ನ್ನು ಇಲ್ಲಿಯ ಜುಬಿಲೆಂಟ್ ಭಾರ್ತಿಯಾ ಬಳಗಕ್ಕೆ ಮಾರುವುದಾಗಿ 2024ರ ಡಿಸೆಂಬರಿನಲ್ಲಿ ಪ್ರಕಟಿಸಿತು. ಮಾರಿದ್ದು ತುಂಬುವ ಕೆಲಸದ ಪಾಲನ್ನು. ಸಾರವನ್ನಲ್ಲ, ಹೆಸರನ್ನೂ ಅಲ್ಲ. ಇತ್ತ ರಿಲಯನ್ಸ್ ಸಂಸ್ಥೆ 2022ರಲ್ಲಿ ಪ್ಯೂರ್ ಡ್ರಿಂಕ್ಸಿನಿಂದ ಕ್ಯಾಂಪಾ ಎಂಬ ಹೆಸರನ್ನು ಕೊಂಡು 2023ರಲ್ಲಿ ಅದನ್ನು ಮರಳಿ ಪೇಟೆಗೆ ತಂದಿತು, ಕಡಮೆ ಬೆಲೆಯನ್ನೇ ಆಯುಧವಾಗಿ ಹಿಡಿದು.

ಇಷ್ಟೆಲ್ಲವನ್ನೂ ಆ ಮಧ್ಯಾಹ್ನ ನನ್ನ ವಿದ್ಯಾರ್ಥಿಗೆ ಹೇಳಿದೆ. ಅವನು ತಾಳ್ಮೆಯಿಂದ ಕೇಳಿ, ಬಾಟಲಿಯಲ್ಲಿ ಉಳಿದದ್ದನ್ನು ಒಂದು ಲೋಟಕ್ಕೆ ಬಗ್ಗಿಸಿ ನನ್ನ ಮುಂದಿಟ್ಟು, "ಹಾಗಾದರೆ ಹೇಳಿ ಸಾರ್, ಇದು ಆಗಿನ ರುಚಿಯೇನಾ?" ಎಂದನು. ಒಂದು ಗುಟುಕು ಕುಡಿದೆ. ಗೋಲ್ಡ್ ಸ್ಪಾಟ್ ಆಗಿದ್ದರೆ ಹೇಳಬಲ್ಲವನಾಗಿದ್ದೆ.